ಕಡಲಾಳದ ತೈಲ ಬ್ಲಾಕ್‌ಗಳಲ್ಲಿ ಖರ್ಚು ಯಾರದು, ಲಾಭ ಯಾರದು: ಕೆಜಿ-ಡಿ6 ಮುಂದಿಟ್ಟುಕೊಂಡು ಒಂದು ಚರ್ಚೆ

ಕುಂದಾಪುರದ ಉಪನ್ಯಾಸಕಿ:

ನಾನು ಪದವಿ ತರಗತಿಗಳಿಗೆ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಜಂಟಿ ಉದ್ಯಮದ ಲೆಕ್ಕಪತ್ರದ ಅಧ್ಯಾಯಕ್ಕೆ ಪಠ್ಯಪುಸ್ತಕದ ‘ಎ’ ಮತ್ತು ‘ಬಿ’ ವ್ಯಾಪಾರಿಗಳನ್ನು ಬಿಟ್ಟು ನಿಜವಾದೊಂದು ಉದಾಹರಣೆ ಕೊಡೋಣವೆಂದು ಆಂಧ್ರದ ಕರಾವಳಿಯಾಚೆಗಿನ ಕೃಷ್ಣಾ-ಗೋದಾವರಿ ಡಿ6 ಬ್ಲಾಕನ್ನು, ಅಂದರೆ ತೈಲ-ಅನಿಲ ತೆಗೆಯಲು ಸರ್ಕಾರ ಕಂಪನಿಗಳಿಗೆ ವಹಿಸಿದ ಕಡಲಿನ ತುಂಡನ್ನು, ಆರಿಸಿಕೊಂಡೆ. ಓದುತ್ತ ಹೋದಂತೆ ಗೊಂದಲವೇ ಹೆಚ್ಚಾಯಿತು. 2000ದಲ್ಲಿ ಒಪ್ಪಂದವಾದಾಗ ರಿಲಯನ್ಸ್ ಪಾಲು ಶೇ. 90, ಕೆನಡಾದ ನೈಕೊ ಪಾಲು ಶೇ. 10. 2011ರಲ್ಲಿ ಬ್ರಿಟನ್ನಿನ ಬಿಪಿ ಶೇ. 30 ಪಾಲು ಕೊಂಡ ಮೇಲೆ ಅದು 60-30-10 ಆಯಿತು. ಅಲ್ಲಿಗೆ ನೂರು ಭರ್ತಿಯಾಯಿತು. ಆದರೆ ಅದೇ ಒಪ್ಪಂದದಲ್ಲಿ ಸರ್ಕಾರಕ್ಕೆ ಲಾಭದ ಶೇ. 10ರಿಂದ 85ರವರೆಗೆ ಪಾಲು ಎಂದೂ ಇದೆ. ನೂರರೊಳಗೆ ಸರ್ಕಾರವೇ ಇಲ್ಲದಿರುವಾಗ ಅದರ ಪಾಲು ಎಲ್ಲಿಂದ ಬರುತ್ತದೆ? ಆರಂಭದ ವರ್ಷಗಳಲ್ಲಿ ನೂರು ರೂಪಾಯಿಯ ಅನಿಲ ಮಾರಿದರೆ ಲಾಭದ ಪಾಲೆಂದು ಸರ್ಕಾರಕ್ಕೆ ಬರುವುದು ಒಂದೇ ರೂಪಾಯಿ ಎಂದು ಪತ್ರಿಕೆಗಳು ಬರೆದಿದ್ದವಲ್ಲ, ಆ ಒಂದು ರೂಪಾಯಿಯ ಲೆಕ್ಕ ಯಾವುದು? ಕೊರೆದ ಬಾವಿಯಲ್ಲಿ ಏನೂ ಸಿಗದಿದ್ದರೆ ನಷ್ಟ ಯಾರ ತಲೆಗೆ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಜಂಟಿಲೆಕ್ಕ:

ಮೇಡಂ, ಮುಂಬೈ ಕಡಲಿನ ಒಂದು ಜಂಟಿ ಉದ್ಯಮದ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ನಿಮ್ಮ ಗೊಂದಲಕ್ಕೆ ಕಾರಣವಿದೆ: ಇಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳಿವೆ, ನೀವು ಓದಿದ ಶೇಕಡಾಗಳು ಒಂದೊಂದು ಒಂದೊಂದು ಒಪ್ಪಂದಕ್ಕೆ ಸೇರಿದವು. ಸರ್ಕಾರಕ್ಕೂ ಕಂಪನಿಗಳ ಕೂಟಕ್ಕೂ ನಡುವೆ ಆಗುವುದು ಉತ್ಪಾದನಾ ಹಂಚಿಕೆ ಒಪ್ಪಂದ, ಕಚೇರಿಗಳಲ್ಲಿ ಎಲ್ಲರೂ ಪಿಎಸ್‌ಸಿ ಎನ್ನುವುದು ಇದನ್ನೇ. ಕಂಪನಿ ಕಂಪನಿಗಳ ನಡುವೆ ಆಗುವುದು ಜಂಟಿ ಕಾರ್ಯಾಚರಣೆ ಒಪ್ಪಂದ, ಅಂದರೆ ಜೆಒಎ. ಪಿಎಸ್‌ಸಿಯ ಕಣ್ಣಿಗೆ ರಿಲಯನ್ಸ್, ಬಿಪಿ, ನೈಕೊ ಮೂವರೂ ಸೇರಿ ‘ಗುತ್ತಿಗೆದಾರ’ ಎಂಬ ಒಬ್ಬನೇ ವ್ಯಕ್ತಿ. ಆ ವ್ಯಕ್ತಿಯ ಕೈಗೆ ಬಂದದ್ದನ್ನು ಒಳಗೊಳಗೆ 60-30-10ರಂತೆ ಹಂಚಿಕೊಳ್ಳುವುದು, ಕೈಯಿಂದ ಹಾಕಬೇಕಾದದ್ದನ್ನು ಅದೇ ಪ್ರಮಾಣದಲ್ಲಿ ಹಾಕುವುದು ಜೆಒಎ ನೋಡಿಕೊಳ್ಳುವ ವಿಷಯ.

ಈಗ ನಿಮ್ಮ ಒಂದು ರೂಪಾಯಿಗೆ ಬರೋಣ. ವರ್ಷದಲ್ಲಿ ನೂರು ರೂಪಾಯಿಯ ಅನಿಲ ಮಾರಾಟವಾಯಿತು ಎಂದುಕೊಳ್ಳಿ. ಅನ್ವೇಷಣೆಗೆ, ಅಭಿವೃದ್ಧಿಗೆ, ದಿನನಿತ್ಯದ ಉತ್ಪಾದನೆಗೆ ಆದ ಖರ್ಚನ್ನು ಗುತ್ತಿಗೆದಾರ ಮೊದಲು ಹಿಂಪಡೆಯಬಹುದು. ಇದಕ್ಕೆ ಕಾಸ್ಟ್ ಪೆಟ್ರೋಲಿಯಂ ಎನ್ನುತ್ತಾರೆ. ಆದರೆ ಒಂದು ವರ್ಷದಲ್ಲಿ ಎಷ್ಟು ಹಿಂಪಡೆಯಬಹುದೆಂಬುದಕ್ಕೆ ಮಿತಿ ಇರುತ್ತದೆ, ಹರಾಜಿನಲ್ಲಿ ಕಂಪನಿಗಳೇ ಆ ಮಿತಿಯನ್ನು ಹೇಳಿರುತ್ತವೆ. ಡಿ6ರಲ್ಲಿ ಅದು ಶೇ. 90. ಖರ್ಚು ಬೆಟ್ಟದಷ್ಟಿರುವ ಮೊದಲ ವರ್ಷಗಳಲ್ಲಿ 90 ರೂಪಾಯಿ ಪೂರ್ತಿ ಅದಕ್ಕೇ ಹೋಗುತ್ತದೆ. ಹಿಂಪಡೆಯಲಾಗದೆ ಉಳಿದದ್ದು ಮುಂದಿನ ವರ್ಷದ ಖಾತೆಗೆ ಹೋಗುತ್ತದೆ, ಅದಕ್ಕೆ ಬಡ್ಡಿ ಸೇರುವುದಿಲ್ಲ. ಮಿಕ್ಕ 10 ರೂಪಾಯಿ ಪ್ರಾಫಿಟ್ ಪೆಟ್ರೋಲಿಯಂ. ಅದರಲ್ಲಿ ಸರ್ಕಾರಕ್ಕೆ ಮೊದಲ ಹಂತದಲ್ಲಿ ಶೇ. 10, ಅಂದರೆ ಒಂದು ರೂಪಾಯಿ. ಪತ್ರಿಕೆಯವರು ಬರೆದದ್ದು ಸರಿಯೇ, ಆದರೆ ಅರ್ಧ ಸರಿ. ಆಳಸಮುದ್ರದ ಬ್ಲಾಕ್‌ಗಳಿಗೆ ಮೊದಲ ಏಳು ವರ್ಷ ಶೇ. 5, ಆನಂತರ ಶೇ. 10 ರಾಜಧನವೂ ಇದೆ. ಅದನ್ನು ಸರ್ಕಾರಕ್ಕೆ ಕಟ್ಟುವುದು ಗುತ್ತಿಗೆದಾರ, ಕಟ್ಟಿದ ಮೇಲೆ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳುವುದೂ ಅವನೇ. ಆದ್ದರಿಂದ ಆ ವರ್ಷ ಸರ್ಕಾರಕ್ಕೆ ಸರಿಸುಮಾರು ಆರು ರೂಪಾಯಿ. ಉಳಿದ 94 ರೂಪಾಯಿ 60-30-10ರ ಲೆಕ್ಕದಲ್ಲಿ 56.40, 28.20 ಮತ್ತು 9.40 ರೂಪಾಯಿಗಳಾಗಿ ಒಡೆಯುತ್ತದೆ.

ಬರಿದಾದ ಬಾವಿಯ ವಿಷಯ. ಆ ಬ್ಲಾಕಿನಲ್ಲಿ ಎಲ್ಲಿಯೂ ಏನೂ ಸಿಗದೆ ಕಂಪನಿಗಳು ಬ್ಲಾಕನ್ನು ಹಿಂದಿರುಗಿಸಿದರೆ ಪೂರ್ತಿ ನಷ್ಟ ಅವುಗಳದೇ, ಸರ್ಕಾರ ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದರೆ ಹತ್ತು ಬಾವಿ ಬರಿದಾಗಿ ಹನ್ನೊಂದನೆಯದರಲ್ಲಿ ಅನಿಲ ಸಿಕ್ಕರೆ ಆ ಹತ್ತು ಬಾವಿಗಳ ಖರ್ಚೂ ಹನ್ನೊಂದನೆಯದರ ಆದಾಯದಿಂದ ಹಿಂದಕ್ಕೆ ಬರುತ್ತದೆ. ಬೇರೊಂದು ಬ್ಲಾಕಿನ ಬರಿ ಬಾವಿಯನ್ನು ಮಾತ್ರ ಇಲ್ಲಿಗೆ ತಂದು ಸೇರಿಸುವಂತಿಲ್ಲ. ಪ್ರತಿ ಬ್ಲಾಕಿಗೂ ಸುತ್ತ ಬೇಲಿ ಇರುತ್ತದೆ. ಸಾಲದ ಮೇಲಿನ ಬಡ್ಡಿ, ಆದಾಯ ತೆರಿಗೆ, ದಂಡ, ಅನಿಲವನ್ನು ಒಪ್ಪಿಸುವ ಜಾಗದಿಂದಾಚೆಗಿನ ಸಾಗಣೆ ಮತ್ತು ಮಾರಾಟದ ಖರ್ಚು, ಇವುಗಳೂ ಆ ಬೇಲಿಯ ಹೊರಗೇ.

ಹೊನ್ನಾವರದವ:

ಜಂಟಿಲೆಕ್ಕ ಅವರು ವಿವರಿಸಿದ್ದು ಚೆನ್ನಾಗಿದೆ, ಆದರೆ ಬಹಳ ಸೌಮ್ಯವಾಗಿದೆ. ಖರ್ಚು ಮಾಡಿದವನೇ ಖರ್ಚಿನ ಪಟ್ಟಿ ಬರೆದು, ಅದನ್ನು ಮೊದಲು ಹಿಂಪಡೆದು, ಆಮೇಲೆ ಉಳಿದದ್ದರಲ್ಲಿ ಮಾಲೀಕನಿಗೆ ಪಾಲು ಕೊಡುತ್ತೇನೆ ಎನ್ನುವುದು ಯಾವ ಸೀಮೆಯ ಪಾಲುಗಾರಿಕೆ? 2004ರ ಯೋಜನೆಯಲ್ಲಿ ಡಿ6ರ ಡಿ1 ಮತ್ತು ಡಿ3 ನೆಲೆಗಳ ಅಭಿವೃದ್ಧಿಗೆ ಸುಮಾರು 240 ಕೋಟಿ ಡಾಲರ್ ಎಂದಿದ್ದವರು 2006ರಲ್ಲಿ ಮೊದಲ ಹಂತಕ್ಕೇ 520 ಕೋಟಿ ಡಾಲರ್ ಎಂದರು, ಎರಡೂ ಹಂತ ಸೇರಿ 880 ಕೋಟಿ. ಖರ್ಚು ಹೆಚ್ಚಿದಷ್ಟೂ ಸರ್ಕಾರದ ಪಾಲು ಹಿಂದೆ ಸರಿಯುತ್ತದೆ ಎಂದಾದ ಮೇಲೆ ಖರ್ಚನ್ನು ಹಿಗ್ಗಿಸಲು ಯಾರಿಗೆ ಮನಸ್ಸಾಗುವುದಿಲ್ಲ? ಸರ್ಕಾರದ ಲೆಕ್ಕಪರಿಶೋಧಕರಾದ ಸಿಎಜಿ 2011ರ ವರದಿಯಲ್ಲಿ ಹೇಳಿದ್ದೂ ಇದನ್ನೇ ತಾನೇ?

ಜಂಟಿಲೆಕ್ಕ:

ಹೊನ್ನಾವರದವರೇ, ನಿಮ್ಮ ಸಂಶಯ ಸರಿಯಾದ ಜಾಗದಲ್ಲೇ ಇದೆ. ಆದರೆ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಯೋಜನೆಯ ಗಾತ್ರವನ್ನೂ ಪಕ್ಕದಲ್ಲಿಡಬೇಕು. 2004ರ ಯೋಜನೆ ದಿನಕ್ಕೆ 4 ಕೋಟಿ ಘನ ಮೀಟರ್ ಅನಿಲಕ್ಕೆ ಮಾಡಿದ್ದು, 2006ರದ್ದು 8 ಕೋಟಿಗೆ. ಆ ಎರಡು ವರ್ಷಗಳಲ್ಲಿ ಆಳಸಮುದ್ರದಲ್ಲಿ ಬಾವಿ ಕೊರೆಯುವ ರಿಗ್‌ಗಳ ಬಾಡಿಗೆ ಜಗತ್ತಿನಾದ್ಯಂತ ಜಿಗಿದಿತ್ತು. ಇಷ್ಟರಿಂದಲೇ ಖರ್ಚು ನ್ಯಾಯವಾದದ್ದು ಎಂದು ನಾನು ಹೇಳುತ್ತಿಲ್ಲ. ಎರಡು ಅಂಕಿಗಳ ವ್ಯತ್ಯಾಸವೊಂದನ್ನೇ ಹಿಡಿದು ಅನ್ಯಾಯವೆಂದು ಹೇಳುವುದೂ ಆಗದು.

ನಿಜವಾದ ತೊಡಕು ಇರುವುದು ಸರ್ಕಾರದ ಪಾಲು ಏರುವ ಮೆಟ್ಟಿಲಿನಲ್ಲಿ. ಅದಕ್ಕೆ ಆಧಾರ ‘ಇನ್ವೆಸ್ಟ್‌ಮೆಂಟ್ ಮಲ್ಟಿಪಲ್’, ನಾವು ಐಎಂ ಎನ್ನುತ್ತಿದ್ದೆವು. ಗುತ್ತಿಗೆದಾರ ಈವರೆಗೆ ಗಳಿಸಿದ ನಿವ್ವಳ ನಗದನ್ನು ಈವರೆಗೆ ಅನ್ವೇಷಣೆಗೂ ಅಭಿವೃದ್ಧಿಗೂ ಹಾಕಿದ ಬಂಡವಾಳದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಡಿ6ರಲ್ಲಿ ಆ ಸಂಖ್ಯೆ 1.5ಕ್ಕಿಂತ ಕಡಿಮೆ ಇರುವವರೆಗೆ ಸರ್ಕಾರಕ್ಕೆ ಲಾಭದ ಶೇ. 10, 1.5ರಿಂದ 2ರವರೆಗೆ ಶೇ. 16, 2ರಿಂದ 2.5ರವರೆಗೆ ಶೇ. 28. 2.5 ಮುಟ್ಟಿದೊಡನೆ ಶೇ. 85. ಕೊನೆಯ ಆ ಮೆಟ್ಟಿಲು ಮೆಟ್ಟಿಲಲ್ಲ, ಗೋಡೆ.

ನಿಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕ ಕೊಡಿ, ಮೇಡಂ. ಇದು ನಾನು ಕಟ್ಟಿದ ಉದಾಹರಣೆ, ಡಿ6ರ ಖಾತೆಯದಲ್ಲ. ಬಂಡವಾಳ 1,000 ಕೋಟಿ, ಒಟ್ಟು ನಿವ್ವಳ ನಗದು 2,600 ಕೋಟಿ. ಐಎಂ 2.6 ಆದ್ದರಿಂದ ಮುಂದಿನ ಪ್ರತಿ ನೂರು ರೂಪಾಯಿ ಲಾಭದಲ್ಲಿ 85 ಸರ್ಕಾರಕ್ಕೆ. ಅದೇ ಹೊತ್ತಿಗೆ ಬಂಡವಾಳ 1,100 ಕೋಟಿ ಆಗಿದ್ದರೆ? 2,600ನ್ನು 1,100ರಿಂದ ಭಾಗಿಸಿದರೆ 2.36. ಸರ್ಕಾರಕ್ಕೆ 28 ರೂಪಾಯಿ ಮಾತ್ರ. ನೂರು ಕೋಟಿ ಹೆಚ್ಚು ಹೂಡಿದ್ದರಿಂದ ಪ್ರತಿ ನೂರರಲ್ಲಿ 57 ರೂಪಾಯಿ ಅತ್ತಿಂದಿತ್ತ ಹೋಯಿತು. ಹೂಡಿದ ಆ ನೂರು ಕೋಟಿಯೂ ಕಾಸ್ಟ್ ಪೆಟ್ರೋಲಿಯಂ ದಾರಿಯಲ್ಲಿ ಮರಳಿ ಬಂದಿರುತ್ತದೆ. ಹೀಗೆ ಗೋಡೆಯ ಬುಡದಲ್ಲಿ ನಿಂತ ಕಂಪನಿಗೆ ಇನ್ನೊಂದು ಬಾವಿ ಕೊರೆಯುವುದು ಲಾಭದಾಯಕವಾಗಿ ಕಾಣುತ್ತದೆ, ಆ ಬಾವಿಯಿಂದ ಅನಿಲ ಬರಲಿ ಬಿಡಲಿ. ಸಿಎಜಿ ಬೊಟ್ಟು ಮಾಡಿದ್ದು ಈ ಪ್ರಲೋಭನೆಯ ಕಡೆಗೆ.

ಡಿ6ರಲ್ಲಿ ಆ ಗೋಡೆ ದೂರವೇ ಉಳಿಯಿತು ಎಂಬುದು ಬೇರೆ ಮಾತು. 2009ರ ಏಪ್ರಿಲ್‌ನಲ್ಲಿ ಅನಿಲ ಬರತೊಡಗಿ, 2010ರಲ್ಲಿ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿ, ಅಲ್ಲಿಂದ ಕುಸಿಯಿತು. 8 ಕೋಟಿ ಎಂದೂ ಮುಟ್ಟಲಿಲ್ಲ. ಡಿ1-ಡಿ3 ನೆಲೆಗಳು 2020ರ ಫೆಬ್ರುವರಿಯಲ್ಲಿ ನಿಂತೇಹೋದವು.

ತೆರಿಗೆದಾರ:

ಆ ಕುಸಿತದಿಂದಲೇ ಅಲ್ಲವೇ ಖರ್ಚಿನ ಜಗಳ ಹುಟ್ಟಿದ್ದು? 8 ಕೋಟಿಗೆಂದು ಕಟ್ಟಿದ ಸ್ಥಾವರ ಅರ್ಧ ಖಾಲಿ ಬಿದ್ದಿದೆ, ಯೋಜನೆಯಲ್ಲಿ ಹೇಳಿದಷ್ಟು ಬಾವಿಗಳನ್ನು ಕೊರೆದಿಲ್ಲ, ಆದ್ದರಿಂದ ಅಷ್ಟು ಖರ್ಚನ್ನು ಹಿಂಪಡೆಯಲು ಬಿಡುವುದಿಲ್ಲ ಎಂದು ಸರ್ಕಾರ 2012ರ ಮೇ ತಿಂಗಳಲ್ಲಿ ಮೊದಲು ಸುಮಾರು 100 ಕೋಟಿ ಡಾಲರ್ ತಡೆಯಿತು, ಆಮೇಲೆ ವರ್ಷವರ್ಷವೂ ಆ ಮೊತ್ತವನ್ನು ಏರಿಸುತ್ತ ಹೋಯಿತು. ಖರ್ಚಿಗೂ ಉತ್ಪಾದನೆಯ ಪ್ರಮಾಣಕ್ಕೂ ಗಂಟು ಹಾಕುವ ಯಾವ ಷರತ್ತೂ ಒಪ್ಪಂದದಲ್ಲಿಲ್ಲ ಎಂಬುದು ಕಂಪನಿಯ ವಾದ, ಅದಕ್ಕಾಗಿ 2011ರ ನವೆಂಬರ್‌ನಲ್ಲೇ ಅದು ಮಧ್ಯಸ್ಥಿಕೆಗೆ ನೋಟಿಸ್ ಕೊಟ್ಟಿತ್ತು. ನನ್ನ ಪ್ರಶ್ನೆ ಇಷ್ಟು: ಬಜೆಟ್ಟಿಗೆ ಒಪ್ಪಿಗೆ ಕೊಡುವ ಆಡಳಿತ ಸಮಿತಿಯಲ್ಲಿ ಸರ್ಕಾರದ ಇಬ್ಬರು ಪ್ರತಿನಿಧಿಗಳು ಕುಳಿತಿರುತ್ತಾರೆ, ಈ ಬ್ಲಾಕ್‌ಗಳ ಮೇಲೆ ಸರ್ಕಾರದ ಪರವಾಗಿ ಕಣ್ಣಿಡುವ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ 1993ರಿಂದ ಇದೆ. ಇವರೆಲ್ಲ ಒಪ್ಪಿದ ಮೇಲೆ ಖರ್ಚು ಹೆಚ್ಚಾಯಿತೆಂದು ಆಮೇಲೆ ಹೇಗೆ ಹೇಳುವುದು?

ಕೊರೆಬಾವಿ:

ಲೆಕ್ಕದವರ ನಡುವೆ ರಿಗ್ಗಿನವನೊಬ್ಬ ಮಾತಾಡಬಹುದೇ? ನಾನು ಪೂರ್ವ ಮತ್ತು ಪಶ್ಚಿಮ ಕರಾವಳಿಗಳೆರಡರಲ್ಲೂ ಡ್ರಿಲ್ಲಿಂಗ್ ಎಂಜಿನಿಯರ್ ಆಗಿ ಕೆಲಸ ಮಾಡಿದ್ದೇನೆ.

ಬಜೆಟ್ಟಿಗೆ ಒಪ್ಪಿಗೆ ಸಿಗುವುದು ಬಾವಿ ಕೊರೆಯುವ ಮೊದಲು, ಖರ್ಚು ಹುಟ್ಟುವುದು ಕೊರೆಯುವಾಗ. ಪ್ರತಿ ಬಾವಿಗೂ ಎಎಫ್‌ಇ ಎಂಬ ಖರ್ಚಿನ ಮಂಜೂರಾತಿ ಹಾಳೆ ಇರುತ್ತದೆ, ಎಲ್ಲ ಪಾಲುದಾರರೂ ಅದಕ್ಕೆ ಸಹಿ ಹಾಕಿರುತ್ತಾರೆ. ರಿಗ್ಗಿನಿಂದ ದಿನಾ ಬೆಳಿಗ್ಗೆ ಒಂದು ವರದಿ ದಡಕ್ಕೆ ಹೋಗುತ್ತದೆ. ಅದರಲ್ಲಿ ಹಿಂದಿನ ಇಪ್ಪತ್ನಾಲ್ಕು ಗಂಟೆಗಳನ್ನು ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಸೀಳಿ ಬರೆದಿರುತ್ತೇವೆ: ಇಷ್ಟು ಗಂಟೆ ಕೊರೆತ, ಇಷ್ಟು ಗಂಟೆ ಪೈಪು ಮೇಲೆತ್ತಿದ್ದು, ಇಷ್ಟು ಗಂಟೆ ಸಿಮೆಂಟು ಗಟ್ಟಿಯಾಗಲು ಕಾದದ್ದು, ಇಷ್ಟು ಗಂಟೆ ಹವಾಮಾನಕ್ಕಾಗಿ ಕಾದದ್ದು. ಕಾದರೂ ಕೊರೆದರೂ ರಿಗ್ಗಿನ ದಿನಬಾಡಿಗೆ ಓಡುತ್ತಲೇ ಇರುತ್ತದೆ, ಒಪ್ಪಂದದಲ್ಲಿ ಕಾಯುವ ಹೊತ್ತಿಗೆ ದರ ಸ್ವಲ್ಪ ತಗ್ಗಬಹುದು ಅಷ್ಟೇ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಮುನ್ಸೂಚನೆ ಬಂದಾಗ ಬಾವಿಯನ್ನು ಭದ್ರಪಡಿಸಿ, ಪೈಪುಗಳನ್ನು ಬಿಡಿಸಿ, ರಿಗ್ಗನ್ನು ದೂರ ಒಯ್ದು, ಗಾಳಿ ಇಳಿದ ಮೇಲೆ ತಂದು ಮತ್ತೆ ಜೋಡಿಸುವಷ್ಟರಲ್ಲಿ ವಾರಗಟ್ಟಲೆ ಬಾಡಿಗೆ ಒಂದು ಅಡಿಯೂ ಕೊರೆಯದೆ ಕರಗುತ್ತದೆ.

ಅನುಮಾನ ಬರುವುದು ಇಂಥ ಸಾಲುಗಳ ಮೇಲೆ. ಪೈಪು ಸಿಕ್ಕಿಹಾಕಿಕೊಂಡು ನಾಲ್ಕು ದಿನ ಹೋದರೆ ಅದು ಭೂಮಿಯ ಸ್ವಭಾವವೋ, ಕೊರೆಯುವಾಗ ಬಾವಿಗೆ ತುಂಬುವ ಮಣ್ಣುದ್ರವದ ತೂಕ ತಪ್ಪಿ ಇಟ್ಟ ನಮ್ಮ ಕೈಚಳಕವೋ? ವರದಿಯಲ್ಲಿ ಎರಡೂ ‘ಅನುತ್ಪಾದಕ ಸಮಯ’ ಎಂಬ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಎರಡು ವರ್ಷ ಕಳೆದ ಮೇಲೆ ಬರುವ ಆಡಿಟರ್‌ಗೆ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಸಮಿತಿ ಒಪ್ಪಿದೆ ಎಂಬ ಮಾತಿನ ಬಲ ಎಷ್ಟೆಂಬುದನ್ನು ಇದರಿಂದ ಅಳೆದುಕೊಳ್ಳಬಹುದು. ನನ್ನ ಅನುಭವದಲ್ಲಿ ಆ ವರದಿಗಳನ್ನು ಸರ್ಕಾರದ ಆಡಿಟರ್‌ಗಿಂತ ಶ್ರದ್ಧೆಯಿಂದ ಓದುತ್ತಿದ್ದವರು ಚಿಕ್ಕ ಪಾಲುದಾರ ಕಂಪನಿಯ ಎಂಜಿನಿಯರ್‌ಗಳು.

ಜಂಟಿಲೆಕ್ಕ:

ಕೊರೆಬಾವಿಯವರ ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಸಹಮತವಿದೆ. ಎಲ್ಲರೂ ಸರ್ಕಾರ ಮತ್ತು ಕಂಪನಿ ಎಂದು ಎರಡೇ ಪಕ್ಷ ನೋಡುತ್ತಾರೆ, ಆದರೆ ಖರ್ಚಿನ ಮೇಲಿನ ಮೊದಲ ಕಾವಲು ಪಾಲುದಾರರದೇ.

ಜೆಒಎ ಹೇಗೆ ನಡೆಯುತ್ತದೆ ನೋಡಿ. ಪಾಲುದಾರರಲ್ಲಿ ಒಬ್ಬ ಆಪರೇಟರ್. ರಿಗ್ ಗೊತ್ತುಮಾಡುವುದು, ಬಿಲ್ಲು ಪಾವತಿಸುವುದು, ಪುಸ್ತಕ ಬರೆಯುವುದು ಎಲ್ಲ ಅವನೇ. ಆಪರೇಟರ್ ಆಗಿರುವುದಕ್ಕೆ ಅವನಿಗೆ ಲಾಭವೂ ಇರಬಾರದು, ನಷ್ಟವೂ ಆಗಬಾರದು ಎಂಬುದು ಮೂಲ ತತ್ವ. ತಿಂಗಳಿಗೊಮ್ಮೆ ಅವನು ಕ್ಯಾಶ್ ಕಾಲ್ ಕಳುಹಿಸುತ್ತಾನೆ. ಒಂದು ಪುಟದ ಕಾಗದ: ಮುಂದಿನ ತಿಂಗಳಿಗೆ ಬೇಕಾದ ಹಣ, ಡಾಲರಿನಲ್ಲಿ ಎಷ್ಟು, ರೂಪಾಯಿಯಲ್ಲಿ ಎಷ್ಟು, ನಿಮ್ಮ ಪಾಲು ಇಷ್ಟು, ಇಂಥ ತಾರೀಖಿನೊಳಗೆ ಇಂಥ ಬ್ಯಾಂಕ್ ಖಾತೆಗೆ. ಆ ತಾರೀಖು ತಪ್ಪಿದರೆ ಬಡ್ಡಿ ಶುರು. ಸ್ವಲ್ಪ ದಿನದಲ್ಲಿ ಮತದ ಹಕ್ಕು ಹೋಗುತ್ತದೆ, ಪಾಲಿನ ಅನಿಲವನ್ನು ತಡೆಹಿಡಿಯುತ್ತಾರೆ, ಇನ್ನೂ ಕಟ್ಟದಿದ್ದರೆ ಪಾಲನ್ನೇ ಬಿಟ್ಟುಕೊಡಬೇಕಾಗುತ್ತದೆ. ತಪ್ಪಿದವನ ಭಾಗದ ಹಣವನ್ನು ಅಷ್ಟರವರೆಗೆ ಉಳಿದವರು ಹಾಕಬೇಕು, ಏಕೆಂದರೆ ರಿಗ್ಗಿನವರು ಕಾಯುವುದಿಲ್ಲ. ಡಿ6ರ ನೈಕೊಗೆ ಆದದ್ದು ಇದೇ. ಹೊಸ ನೆಲೆಗಳ ಅಭಿವೃದ್ಧಿಗೆ ಹಣ ಕಟ್ಟಲಾಗದೆ 2018ರಲ್ಲಿ ಅದು ಬಾಕಿದಾರನಾಯಿತು. ಕೊನೆಗೆ ಅದರ ಶೇ. 10 ಪಾಲು ಉಳಿದಿಬ್ಬರಿಗೆ ಅವರವರ ಪ್ರಮಾಣದಲ್ಲಿ ಹಂಚಿಹೋಗಿ ರಿಲಯನ್ಸ್ 66.67, ಬಿಪಿ 33.33 ಆಯಿತು. 2020ರ ಡಿಸೆಂಬರ್‌ನಲ್ಲಿ ಆ ಬ್ಲಾಕಿನ ಹೊಸ ನೆಲೆಯಾದ ಆರ್ ಕ್ಲಸ್ಟರಿನಿಂದ ಅನಿಲ ಹರಿಯುವ ಹೊತ್ತಿಗೆ ಇದ್ದದ್ದು ಇಬ್ಬರೇ.

ಒಳಗೆ ಬರುವ ದಾರಿಯೂ ಬಗೆಬಗೆಯದು. ಬಿಪಿ ಡಿ6 ಸೇರಿ 21 ಬ್ಲಾಕ್‌ಗಳಲ್ಲಿ ಶೇ. 30ಕ್ಕೆ ರಿಲಯನ್ಸಿಗೆ 720 ಕೋಟಿ ಡಾಲರ್ ಕೊಟ್ಟಿತು. ಈ ಹಣ ಸರ್ಕಾರದ ಕಾಸ್ಟ್ ಪೆಟ್ರೋಲಿಯಂ ಖಾತೆಗೆ ಸೇರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ಅದು ಪಾಲಿನ ಬೆಲೆಯೇ ಹೊರತು ಬ್ಲಾಕಿನ ಖರ್ಚಲ್ಲ. ಇನ್ನೊಂದು ದಾರಿ ‘ಕ್ಯಾರಿ’, ಒಬ್ಬನ ಪಾಲಿನ ಖರ್ಚನ್ನು ಇನ್ನೊಬ್ಬ ಹೊರುವುದು. ಅದೇ ಕಡಲಿನ ದೀನದಯಾಳ್ ಬ್ಲಾಕಿನಲ್ಲಿ ಗುಜರಾತ್ ಸರ್ಕಾರದ ಜಿಎಸ್‌ಪಿಸಿಗೆ 80, ಜುಬಿಲಂಟ್‌ಗೆ 10, ಜಿಯೋಗ್ಲೋಬಲ್ ಎಂಬ ಚಿಕ್ಕ ಕಂಪನಿಗೆ 10. ಜಿಯೋಗ್ಲೋಬಲ್ ಪಾಲಿನ ಅನ್ವೇಷಣಾ ಖರ್ಚನ್ನು ಜಿಎಸ್‌ಪಿಸಿಯೇ ಹೊತ್ತಿತು. ಅಂದುಕೊಂಡಷ್ಟು ಅನಿಲ ಸಿಕ್ಕಿದ್ದರೆ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲವೇನೋ. ಸಿಗಲಿಲ್ಲ. ಸಾಲದ ಹೊರೆಯಲ್ಲಿ ಜಿಎಸ್‌ಪಿಸಿ 2017ರಲ್ಲಿ ತನ್ನ ಪೂರ್ತಿ 80ನ್ನು ಸುಮಾರು 7,738 ಕೋಟಿ ರೂಪಾಯಿಗೆ ಒಎನ್‌ಜಿಸಿಗೆ ಒಪ್ಪಿಸಿತು. ರಾಜ್ಯವೊಂದರ ಬೊಕ್ಕಸ ಖಾಸಗಿ ಪಾಲುದಾರನ ಅಪಾಯವನ್ನು ಹೊರುವುದು ನನಗೆ ಅಂದೂ ಸರಿ ಕಂಡಿರಲಿಲ್ಲ.

ಕುಂದಾಪುರದ ಉಪನ್ಯಾಸಕಿ:

ತುಂಬ ಉಪಕಾರವಾಯಿತು, ಸರ್. ಆಪರೇಟರಿನ ತಪ್ಪಿನಿಂದಲೇ ಖರ್ಚಾದರೆ ಆಗಲೂ ಉಳಿದವರು ಪಾಲು ಕೊಡಬೇಕೇ?

ಕೊರೆಬಾವಿ:

ಮೇಡಂ, ಇದಕ್ಕೆ ಜಗತ್ತೇ ನೋಡಿದ ಉದಾಹರಣೆ ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ. ಅಲ್ಲಿ ಬಿಪಿ ಆಪರೇಟರ್, ಪಾಲು 65, ಅನಡಾರ್ಕೊ 25, ಜಪಾನಿನ ಮಿತ್ಸುಯಿ ಬಳಗದ ಮೊಯೆಕ್ಸ್ 10. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ ಹನ್ನೊಂದು ಜನ ಸತ್ತರು. ತೈಲವನ್ನು ತಡೆಯುವ, ಬಳಿಯುವ ಖರ್ಚು ಏರತೊಡಗಿದಂತೆ ಬಿಪಿ ಮಾಮೂಲಿನಂತೆ ಪಾಲುದಾರರಿಬ್ಬರಿಗೂ ಅವರ ಪ್ರಮಾಣದ ಬಿಲ್ಲು ಕಳುಹಿಸಿತು. ಅವರು ಕೊಡಲಿಲ್ಲ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯ ತಪ್ಪಿನ ಖರ್ಚನ್ನು ಎಲ್ಲರೂ ಹೊರುತ್ತಾರೆ. ಆಪರೇಟರ್ ಪ್ರತ್ಯೇಕವಾಗಿ ಹೊಣೆಯಾಗುವುದು ಘೋರ ನಿರ್ಲಕ್ಷ್ಯ ಅಥವಾ ಉದ್ದೇಶಪೂರ್ವಕ ದುರ್ನಡತೆ ಸಾಬೀತಾದಾಗ ಮಾತ್ರ. ಅನಡಾರ್ಕೊ ಹಿಡಿದದ್ದು ಆ ಎಳೆಯನ್ನೇ. ಕಡೆಗೆ 2011ರಲ್ಲಿ ರಾಜಿಯಾಗಿ ಮೊಯೆಕ್ಸ್ 106.5 ಕೋಟಿ ಡಾಲರ್, ಅನಡಾರ್ಕೊ 400 ಕೋಟಿ ಡಾಲರ್ ಕೊಟ್ಟು, ತಮ್ಮ ಪಾಲುಗಳನ್ನೂ ಬಿಪಿಗೇ ಬಿಟ್ಟು ಹೊರಬಂದವು. ಬಿಪಿಯದು ಘೋರ ನಿರ್ಲಕ್ಷ್ಯವೇ ಹೌದೆಂದು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರಲ್ಲಿ, ರಾಜಿಯಾಗಿ ಮೂರು ವರ್ಷವಾದ ಮೇಲೆ!

ಸ್ತಾವಂಗರ್ ಕನ್ನಡಿಗ:

ನಾರ್ವೆಯ ತೈಲನಗರಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಪಿಎಸ್‌ಸಿಯೂ ಇಲ್ಲ, ಕಾಸ್ಟ್ ಪೆಟ್ರೋಲಿಯಂ ಕೂಡ ಇಲ್ಲ. ಕಂಪನಿಯ ಲಾಭದ ಮೇಲೆ ಒಟ್ಟು ಶೇ. 78 ತೆರಿಗೆ. ಆದರೆ ಖರ್ಚಿನ 78 ಭಾಗವನ್ನೂ ತೆರಿಗೆಯ ದಾರಿಯಲ್ಲಿ ಸರ್ಕಾರವೇ ಹೊತ್ತಂತಾಗುತ್ತದೆ. 2005ರಿಂದ ಲಾಭವೇ ಇಲ್ಲದ ಹೊಸ ಕಂಪನಿಗಳಿಗೂ ಅನ್ವೇಷಣಾ ಖರ್ಚಿನ ತೆರಿಗೆ ಮೌಲ್ಯವನ್ನು ನಗದಾಗಿ ಹಿಂದಿರುಗಿಸುವ ವ್ಯವಸ್ಥೆ ಬಂತು. ಜಂಟಿಲೆಕ್ಕ ಅವರು ಹೇಳಿದ ಬರಿದಾದ ಬಾವಿಯ ನಷ್ಟದ ಬಹುಭಾಗ ಇಲ್ಲಿ ಪ್ರಜೆಗಳದೇ. ಇದರ ಜೊತೆಗೆ ಸರ್ಕಾರ ನೇರವಾಗಿಯೂ ಪಾಲುದಾರ: 1985ರಿಂದ ಅನೇಕ ನೆಲೆಗಳಲ್ಲಿ ಅದಕ್ಕೆ ಸ್ವಂತ ಪಾಲಿದೆ, 2001ರಿಂದ ಪೆಟೊರೊ ಎಂಬ ಸರ್ಕಾರಿ ಕಂಪನಿ ಅದನ್ನು ನೋಡಿಕೊಳ್ಳುತ್ತದೆ. ಪೆಟೊರೊ ಎಲ್ಲರಂತೆ ಕ್ಯಾಶ್ ಕಾಲ್ ಕಟ್ಟುತ್ತದೆ, ಎಲ್ಲರಂತೆ ಸಭೆಯಲ್ಲಿ ಕುಳಿತು ಖರ್ಚನ್ನು ಪ್ರಶ್ನಿಸುತ್ತದೆ. ಖರ್ಚನ್ನು ಹಿಗ್ಗಿಸುವ ಪ್ರಲೋಭನೆಯೂ ಇಲ್ಲಿ ಸೊನ್ನೆಯಲ್ಲ. ನೂರು ಖರ್ಚು ಮಾಡಿದರೆ ಕಂಪನಿಗೆ ನೋಯುವುದು ಇಪ್ಪತ್ತೆರಡರಷ್ಟು ಮಾತ್ರ. ಆದರೂ ಆ ಇಪ್ಪತ್ತೆರಡು ಪ್ರತಿ ಸಲವೂ ನೋಯುತ್ತದೆ, ನಿಮ್ಮ ಐಎಂ ಗೋಡೆಯಂತೆ ಖರ್ಚಿನಿಂದ ಲಾಭವಾಗುವ ಘಟ್ಟವೇ ಬರುವುದಿಲ್ಲ.

ಹೊನ್ನಾವರದವ:

ನಾರ್ವೆಯ ಸರ್ಕಾರಕ್ಕೆ ಕ್ಯಾಶ್ ಕಾಲ್ ಕಟ್ಟುವ ಶಕ್ತಿ ಇದೆ, ಕಟ್ಟುತ್ತದೆ. ಆ ಶಕ್ತಿ ಇಲ್ಲದ ದೇಶಗಳ ಗತಿ ನೋಡಿ. ದಕ್ಷಿಣ ಅಮೆರಿಕದ ಗಯಾನಾ 2016ರಲ್ಲಿ ಎಕ್ಸಾನ್‌ಮೊಬಿಲ್ (45), ಹೆಸ್ (30), ಚೀನಾದ ಸಿಎನ್‌ಒಒಸಿ (25) ಕೂಟದೊಂದಿಗೆ ಸ್ಟಾಬ್ರೂಕ್ ಬ್ಲಾಕಿಗೆ ಮಾಡಿಕೊಂಡ ಒಪ್ಪಂದದಲ್ಲಿ ಲಾಭ ಅರ್ಧರ್ಧ ಎಂದೇ ಇದೆ. ಕೇಳಲು ಚೆನ್ನಾಗಿದೆ. ಆದರೆ ಶೇ. 75ರವರೆಗೆ ಖರ್ಚಿಗೆ ಮೊದಲು ಹೋಗಿ, ಮಿಕ್ಕ 25ರಲ್ಲಿ ಅರ್ಧ, ಅಂದರೆ 12.5, ಅದಕ್ಕೆ ಶೇ. 2 ರಾಜಧನ ಸೇರಿ 14.5. ಕಂಪನಿಗಳ ಆದಾಯ ತೆರಿಗೆಯನ್ನೂ ಸರ್ಕಾರ ತನ್ನ ಪಾಲಿನಿಂದಲೇ ಕಟ್ಟಬೇಕು. ಒಂದು ನೆಲೆಯ ಹೊಸ ಖರ್ಚನ್ನು ಇನ್ನೊಂದು ನೆಲೆಯ ಆದಾಯದಿಂದ ಹಿಂಪಡೆಯಬಹುದು, ನೆಲೆ ನೆಲೆಗಳ ನಡುವೆ ಬೇಲಿಯೇ ಇಲ್ಲ. ಹಳೆಯ ಖರ್ಚಿನ ಸುಮಾರು 160 ಕೋಟಿ ಡಾಲರ್ ಪಟ್ಟಿಯನ್ನು ಹೊರಗಿನ ಆಡಿಟರ್‌ಗಳು ನೋಡಿದಾಗ 21.4 ಕೋಟಿ ಡಾಲರಿಗೆ ಆಕ್ಷೇಪ ಬಂತು. 2023ರಲ್ಲಿ ಆ ದೇಶವೇ ಹೊಸ ಬ್ಲಾಕ್‌ಗಳಿಗೆ ಮಿತಿಯನ್ನು 65ಕ್ಕೆ ಇಳಿಸಿ, ರಾಜಧನವನ್ನು 10ಕ್ಕೆ ಏರಿಸಿದ ಮಾದರಿ ಒಪ್ಪಂದ ತಂದಿತು. ಹಳೆಯದು ಮಾತ್ರ ಹಾಗೇ ಇದೆ.

ನಮ್ಮ ಕಡೆಯ ಕೋರು ಬೇಸಾಯದಲ್ಲಿ ಬೀಜ, ಗೊಬ್ಬರ, ಆಳಿನ ಖರ್ಚನ್ನೆಲ್ಲ ಕಳೆದು ಉಳಿದದ್ದರಲ್ಲಿ ಪಾಲು ಎಂದು ಒಪ್ಪಿದ ಧಣಿ ಇದ್ದನೇ? ಕಣದಲ್ಲಿ ರಾಶಿ ಬಿದ್ದಾಗಲೇ ಅಳೆದು ಎತ್ತುತ್ತಿದ್ದ. ಸರ್ಕಾರವೂ ಹಾಗೇ ಮಾಡಲಿ.

ಜಂಟಿಲೆಕ್ಕ:

ಸರ್ಕಾರ ಹಾಗೇ ಮಾಡಿದೆ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಖರ್ಚಿನ ಗೋಜೇ ಬೇಡ, ಆದಾಯದಲ್ಲೇ ಪಾಲು ಎತ್ತೋಣ ಎಂದಿತು. ಅದಾದ ಮೇಲೆ ಬಂದ ವಿಜಯ್ ಕೇಳ್ಕರ್ ಸಮಿತಿ ಹಳೆಯ ಪದ್ಧತಿಯನ್ನೇ ತಿದ್ದಿ ಉಳಿಸಿಕೊಳ್ಳುವುದು ಲೇಸು ಎಂದಿತು. 2016ರ ಮಾರ್ಚಿನಲ್ಲಿ ಸಂಪುಟ ಒಪ್ಪಿದ ಹೆಲ್ಪ್ ಎಂಬ ತೈಲ-ಅನಿಲ ಅನ್ವೇಷಣೆಯ ಹೊಸ ಪರವಾನಗಿ ನೀತಿ ರಂಗರಾಜನ್ ದಾರಿ ಹಿಡಿಯಿತು. ಈಗ ಕಂಪನಿ ಹರಾಜಿನಲ್ಲಿ ಎರಡು ಅಂಕಿ ಹೇಳಬೇಕು: ದಿನದ ಆದಾಯ 50 ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಸರ್ಕಾರಕ್ಕೆ ಎಷ್ಟು ಪಾಲು, 70 ಲಕ್ಷ ಡಾಲರ್ ಮುಟ್ಟಿದಾಗ ಎಷ್ಟು ಪಾಲು. ನಡುವಿನ ಆದಾಯಕ್ಕೆ ಸರಳರೇಖೆಯಲ್ಲಿ ಲೆಕ್ಕ. ಕೆಳಗೆ 10, ಮೇಲೆ 50 ಎಂದು ಹೇಳಿದವನ ಆದಾಯ ದಿನಕ್ಕೆ 35.25 ಲಕ್ಷ ಡಾಲರ್ ಆದರೆ ಪಾಲು ಸರಿಯಾಗಿ 30. ಗೋಡೆ ಹೋಗಿ ಇಳಿಜಾರು ಬಂತು. ಖರ್ಚಿನ ಆಡಿಟ್ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ, ಇದು ದೊಡ್ಡ ಲಾಭ.

ಆದರೆ ಧಣಿಯ ರೀತಿಗೆ ಬೆಲೆಯೂ ಇದೆ. ಮಳೆ ಕೈಕೊಟ್ಟ ವರ್ಷವೂ ರಾಶಿಯಲ್ಲಿ ಪಾಲು ಎತ್ತಿದರೆ ಒಕ್ಕಲಿಗ ಮುಂದಿನ ವರ್ಷ ಆ ಗದ್ದೆಗೆ ಬರುವುದಿಲ್ಲ. ಕಂಪನಿಗೆ ಬಂಡವಾಳ ಮರಳುವ ಮೊದಲೇ ಆದಾಯದ ಒಂದು ಭಾಗ ಹೋಗುತ್ತದೆಂದರೆ ಅಪಾಯ ಹೆಚ್ಚಿರುವ ಆಳಸಮುದ್ರಕ್ಕೆ ಅದು ಇಳಿಯಲು ಹಿಂಜರಿಯುತ್ತದೆ. ಆದ್ದರಿಂದಲೇ ಹೆಲ್ಪ್‌ನಲ್ಲಿ ಆಳಸಮುದ್ರಕ್ಕೆ ಮೊದಲ ಏಳು ವರ್ಷ ರಾಜಧನವೇ ಇಲ್ಲ. ಅದೂ ಸಾಲದೆ 2019ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಇನ್ನೂ ವಾಣಿಜ್ಯ ಉತ್ಪಾದನೆ ಕಾಣದ ಎರಡನೆಯ ಮತ್ತು ಮೂರನೆಯ ವರ್ಗದ ಜಲಾನಯನಗಳಲ್ಲಿ (ತೈಲ-ಅನಿಲ ಇರಬಹುದಾದ ಪ್ರದೇಶಗಳಲ್ಲಿ) ಸರ್ಕಾರ ಆದಾಯದಲ್ಲಿ ಪಾಲನ್ನೇ ಕೇಳುವುದಿಲ್ಲ, ವರ್ಷದ ಆದಾಯ 250 ಕೋಟಿ ಡಾಲರ್ ದಾಟಿದರೆ ಮಾತ್ರ ಕೇಳುತ್ತದೆ. ಹೊನ್ನಾವರದವರೇ, ನಿಮ್ಮ ಮನೆಯ ಮುಂದಿನ ಕಡಲು, ಕೇರಳ-ಕೊಂಕಣ ಜಲಾನಯನ, ಆ ಮೂರನೆಯ ವರ್ಗದಲ್ಲೇ ಇದೆ. ನಾಳೆ ಅಲ್ಲಿ ತೈಲ ಸಿಕ್ಕರೆ ಸರ್ಕಾರಕ್ಕೆ ಬಹುಪಾಲು ಬರುವುದು ರಾಜಧನ ಮತ್ತು ತೆರಿಗೆ, ಕಣದ ರಾಶಿಯಲ್ಲಿ ಪಾಲಲ್ಲ. ಈ ಉದಾರತೆ ನನಗೆ ಸರಿ ಎನಿಸುತ್ತದೆ. ಯಾರೂ ಕೊರೆಯದ ಕಡಲಿನಲ್ಲಿ ಶೇ. 85 ಎಂದು ಬರೆದಿಟ್ಟುಕೊಂಡು ಪ್ರಯೋಜನವಿಲ್ಲ.

ತೆರಿಗೆದಾರ:

ಆದಾಯ ಹಂಚಿಕೆಯಲ್ಲಿ ಇನ್ನೊಂದು ಕಡೆ ಕಣ್ಣಿಡಬೇಕಾಗುತ್ತದೆ. ಖರ್ಚಿನ ಬದಲು ಬೆಲೆಯ ಮೇಲೆ. ಕಂಪನಿ ತನ್ನದೇ ಬಳಗದ ಕಾರ್ಖಾನೆಗೆ ಅನಿಲ ಮಾರಿದರೆ ಆ ಬೆಲೆ ನ್ಯಾಯವಾದದ್ದೇ ಎಂದು ಯಾರು ಹೇಳಬೇಕು? ಜಗಳ ಮುಗಿಯುವುದಿಲ್ಲ, ಜಾಗ ಬದಲಾಯಿಸುತ್ತದೆ.

ಕುಂದಾಪುರದ ಉಪನ್ಯಾಸಕಿ:

ಒಂದು ಕೊನೆಯ ಸಂಶಯ ಉಳಿದಿದೆ. ಖರ್ಚನ್ನು ಆದಾಯದಿಂದ ಹಿಂಪಡೆಯುವುದು ಎಂದು ಎಲ್ಲರೂ ಹೇಳಿದಿರಿ. ಆದರೆ ನೆಲೆ ಬತ್ತಿದ ಮೇಲೆ ಕಡಲಿನಲ್ಲಿ ನಿಲ್ಲಿಸಿದ ಉತ್ಪಾದನಾ ಕಟ್ಟೆಗಳನ್ನು ಕಳಚಿ, ಬಾವಿಗಳಿಗೆ ಬಿರಡೆ ಹಾಕುವ ಖರ್ಚು ಬರುವುದು ಆದಾಯ ನಿಂತ ಮೇಲಲ್ಲವೇ? ಅಷ್ಟರಲ್ಲಿ ನೈಕೊ ತರಹ ಒಬ್ಬ ಪಾಲುದಾರ ಎದ್ದುಹೋಗಿದ್ದರೆ?

ಜಂಟಿಲೆಕ್ಕ:

ಅದಕ್ಕೆಂದೇ ನೆಲೆ ಇನ್ನೂ ಹರಿಯುತ್ತಿರುವಾಗಲೇ ಹಣ ಎತ್ತಿಡಬೇಕು. ನಮ್ಮಲ್ಲಿ 1999ರ ಸೈಟ್ ರೆಸ್ಟೊರೇಶನ್ ಫಂಡ್ ಯೋಜನೆಯಡಿ ಕಂಪನಿಗಳು ಸ್ಟೇಟ್ ಬ್ಯಾಂಕಿನ ಪ್ರತ್ಯೇಕ ಖಾತೆಗೆ ವರ್ಷವರ್ಷ ಹಣ ತುಂಬುತ್ತವೆ. ಅದು ಒಪ್ಪಂದದ ಪ್ರಕಾರ ಖರ್ಚಿನ ಲೆಕ್ಕಕ್ಕೂ ಬರುತ್ತದೆ, ಆದಾಯ ತೆರಿಗೆಯಲ್ಲಿ 33ಎಬಿಎ ವಿಧಿಯಡಿ ಕಡಿತವೂ ಸಿಗುತ್ತಿತ್ತು. ಒಎನ್‌ಜಿಸಿ 40, ರಿಲಯನ್ಸ್ 30, ಬ್ರಿಟನ್ನಿನ ಬಿಜಿ 30 ಎಂದಿದ್ದ ಪನ್ನಾ-ಮುಕ್ತಾ-ತಪ್ತಿ ಕೂಟದ ತಪ್ತಿ ನೆಲೆಯ ಕಟ್ಟೆಗಳನ್ನು ಕಳಚಿದ್ದು ನಮ್ಮ ಕಡಲಿನಲ್ಲಿ ಅಂಥ ಮೊದಲ ದೊಡ್ಡ ಕೆಲಸ.

ಎದ್ದುಹೋದವನ ವಿಷಯದಲ್ಲಿ ಬ್ರಿಟನ್ ಕಠಿಣವಾಗಿದೆ. ಅಲ್ಲಿಯ 1998ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪಾಲು ಮಾರಿ ಹೊರಹೋದ ಹಳೆಯ ಪಾಲುದಾರನನ್ನೂ ಕರೆಸಿ ಕಳಚುವ ಖರ್ಚು ಹಾಕಿಸಬಹುದು. ನಮ್ಮ ಪಿಎಸ್‌ಸಿಯಲ್ಲಿ ಪಾಲುದಾರರ ಹೊಣೆ ಒಟ್ಟಾಗಿಯೂ ಇದೆ, ಒಬ್ಬೊಬ್ಬರ ಮೇಲೂ ಇದೆ. ಆದ್ದರಿಂದ ಡಿ6ರ ಬಾವಿಗಳಿಗೆ ಬಿರಡೆ ಹಾಕುವ ದಿನ ಸರ್ಕಾರ ನೈಕೊವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪೂರ್ತಿ ಕೆಲಸವನ್ನು ಉಳಿದಿಬ್ಬರಿಂದಲೇ ಮಾಡಿಸಿಕೊಳ್ಳಬಹುದು. ನೈಕೊ ಕಟ್ಟದೆ ಹೋದದ್ದರ ಲೆಕ್ಕ ಆ ಇಬ್ಬರ ಪುಸ್ತಕದಲ್ಲಿ ತೀರಬೇಕಾದದ್ದು.